ಗಾಳಿರಥದ ಚೀಲಕ್ಕೆ ಯಾರ ಮೊಳ?

"ನನ್ನ ಗಾಳಿರಥದಂಥದ್ದು ಮೂರು ಲೋಕದಲ್ಲಿ ಇನ್ನೊಂದಿದ್ದರೆ ತೋರಿಸಿ!" ಎಂದು ಸುರಗಿಕೋಟೆಯ ದೊರೆ ಉದಯಭೂಪ ಮೀಸೆ ತಿರುವಿದ. ಆಸ್ಥಾನವೆಲ್ಲ ಹೌದೆಂದಿತು. ಅನ್ನ ಹಾಕುವ ದೊರೆಗೆ ಇಲ್ಲ ಎನ್ನಲು ಯಾರಿಗೆ ಹುಚ್ಚು?

ರಥ ಹಾರುವುದೇನೋ ನಿಜ. ಬೆಟ್ಟದಾಚೆಯ ಊರಿಗೆ ಅರ್ಧ ದಿನದಲ್ಲಿ ಇಳಿಸುತ್ತಿತ್ತು. ಆದರೆ ಹತ್ತುವ ಬಾಗಿಲಲ್ಲೊಂದು ಶಾಸನ: 'ಕೈಚೀಲ ಒಂದೇ. ಉದ್ದ ಒಂದು ಮೊಳ, ಅಗಲ ಒಂದು ಗೇಣು, ಹಿಡಿಯೂ ಸೇರಿ. ಮೀರಿದ ಚೀಲ ಹಿಂದಿನಿಂದ ಎತ್ತಿನಗಾಡಿಯಲ್ಲಿ ಬರುವುದು. ದೊರೆಯ ಅಪ್ಪಣೆ.' ಗಾಡಿ ಬೆಟ್ಟ ಸುತ್ತಿ ಬರಲು ಎಂಟು ದಿನ.

ಶಾಸನದ ಪಕ್ಕ ಚೀಲದ ಅಧಿಕಾರಿ ನಾಗರಸ. ಆಳು ಗಿಡ್ಡ, ದರ್ಪ ಉದ್ದ. ಪ್ರತಿ ಚೀಲದ ಮೇಲೂ ತನ್ನ ಮೊಣಕೈ ಊರಿ, ಬೆರಳ ತುದಿಯವರೆಗೆ ಅಳೆಯುತ್ತಿದ್ದ. ಇದುವರೆಗೆ ಒಂದು ಚೀಲವನ್ನೂ ಒಳಗೆ ಬಿಟ್ಟಿಲ್ಲ ಎಂಬುದು ಅವನ ಹೆಮ್ಮೆ.

ಒಂದು ಬೆಳಗ್ಗೆ ಸೂಲಗಿತ್ತಿ ಪುಟ್ಟೀರಮ್ಮ ಓಡೋಡಿ ಬಂದಳು. ಬೆಟ್ಟದಾಚೆ ಅವಳ ಮಗಳಿಗೆ ಇವತ್ತೋ ನಾಳೆಯೋ ಹೆರಿಗೆ.

"ಎರಡು ಬೆರಳು ಜಾಸ್ತಿ. ಗಾಡಿಗೆ ಹಾಕು" ಎಂದ ನಾಗರಸ.

"ಶಾಸ್ನ ಓದುಸ್ಕಂಡೇ ಹೊಲ್ದಿವ್ನಿ ಬುದ್ಧೀ! ಪೆಟ್ಗೆ ಬ್ಯಾಡ ಅಂತ ಬಟ್ಟೆ ಚೀಲ, ಹಿಡಿ ಬ್ಯಾಡ ಅಂತ ಲಾಡಿ. ನನ್ ಮೊಳ್ದಲ್ಲಿ ಅಳುದ್ರೆ ಒಂದೆಳೆ ಎಚ್ಚಿಲ್ಲ. ಮದ್ದು, ಕತ್ತಿ ಎಲ್ಲ ಇದ್ರಲ್ಲೇ ಐತೆ. ಕೂಸು ಎಂಟು ದಿನ ಗಾಡಿ ಕಾಯ್ತದಾ?"

"ಇಲ್ಲಿ ನನ್ನ ಮೊಳವೇ ಮೊಳ."

ರಥ ಏರುವುದನ್ನು ನೋಡಲು ದೊರೆಯೂ ಬಂದಿದ್ದ, ಜೊತೆಗೆ ಅವನ ವಿದೂಷಕ ಬೊಪ್ಪಣ್ಣ. ಬೊಪ್ಪಣ್ಣ ಕೂಗಿದ: "ಸ್ವಾಮೀ, ಇದು ರಾಜದ್ರೋಹ!"

ನಾಗರಸ ಬೆವೆತ. "ನಾನೇನು ಮಾಡಿದೆ?"

"ಅಪ್ಪಣೆ ಯಾರದು?"

"ದೊರೆಯದು."

"ಹಾಗಾದರೆ ಮೊಳ?"

"ಅದೂ... ದೊರೆಯದೇ."

"ಹೊಗಳುಭಟರು ದಿನಾ ಏನೆಂದು ಕೂಗುತ್ತಾರೆ? ಆಜಾನುಬಾಹು ಎಂದು. ಮಂಡಿ ಮುಟ್ಟುವ ತೋಳು! ಅದನ್ನು ನಿಮ್ಮ ಮೊಳಕ್ಕೆ ಇಳಿಸಿದಿರಲ್ಲ! ಸ್ವಾಮೀ, ತಾವೇ ಕೈ ಚಾಚಿ ಅಳೆಯಬೇಕು. ಊರೆಲ್ಲ ಕಣ್ತುಂಬಾ ನೋಡಲಿ."

ದೊರೆ ನಾಗರಸನಿಗಿಂತಲೂ ಗಿಡ್ಡ. ಅವನ ಕೈ ಸೊಂಟದಿಂದ ಕೆಳಗಿಳಿದದ್ದನ್ನು ಕಂಡವರಿಲ್ಲ. ಹಾಗೆಂದು ಹೇಳಿದವರಂತೂ ಇಲ್ಲವೇ ಇಲ್ಲ. ಅವನು ಮೆಲ್ಲಗೆ ಎರಡೂ ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡ.

"ಅಳೆಯುವುದೇನು ಬಂತು? ಕಣ್ಣಿಗೇ ಕಾಣುತ್ತದಲ್ಲ. ನನ್ನ ಮೊಳಕ್ಕೆ ಈ ಚೀಲ ಇನ್ನೂ ಒಂದು ಗೇಣು ಕಮ್ಮಿ! ಹತ್ತಮ್ಮಾ, ಹತ್ತು."

ಚೀಲ ಮಡಿಲಲ್ಲಿಟ್ಟುಕೊಂಡು ಪುಟ್ಟೀರಮ್ಮ ಹಾರಿದಳು. ಮರುದಿನ ರಥ ಸುದ್ದಿ ತಂದಿತು. ಹೆಣ್ಣುಮಗು, ತಾಯಿ ಮಗು ಇಬ್ಬರೂ ಕ್ಷೇಮ.

ದೊರೆ ಬೊಪ್ಪಣ್ಣನನ್ನು ಪಕ್ಕಕ್ಕೆ ಕರೆದ. "ಎಲಾ, ನಾನು ನಿಜವಾಗಿ ಕೈ ಚಾಚಿಬಿಟ್ಟಿದ್ದರೆ ನೀನೇನು ಮಾಡುತ್ತಿದ್ದೆ?"

"ಆ ಭಯ ನನಗಿರಲಿಲ್ಲ ಸ್ವಾಮೀ. ಆರು ವರ್ಷದಿಂದ ಆಸ್ಥಾನದಲ್ಲಿದ್ದೇನೆ. ಬಹುಮಾನ ಕೊಡುವುದಕ್ಕೇ ಚಾಚದ ಕೈ, ಅಳತೆಗೆ ಚಾಚೀತೇ?"

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಸುತ್ತ ಯಾರೂ ಇಲ್ಲವೆಂದು ಚೆನ್ನಾಗಿ ನೋಡಿಕೊಂಡು, ಕೈ ಚಾಚಿ ತನ್ನ ಶಾಲನ್ನು ಬೊಪ್ಪಣ್ಣನಿಗೆ ಹೊದಿಸಿದ.