ಹೊರೆ ಎತ್ತಿಕೊಟ್ಟವಳು

“ಗುರುಗಳೇ, ನಮ್ಮಕ್ಕ ಕ್ಯಾನ್ಸರಿನಿಂದ ಗುಣವಾಗಿ ಮನೆಗೆ ಬಂದಿದ್ದಾಳೆ. ಕೂತಲ್ಲಿಗೇ ಎಲ್ಲ ತಂದುಕೊಡುತ್ತೇವೆ. ಆದರೂ ದಿನದಿಂದ ದಿನಕ್ಕೆ ಸೋಲುತ್ತಿದ್ದಾಳೆ. ಇನ್ನೇನು ಮಾಡಬೇಕು?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಊರಿನಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬಳಿದ್ದಳು. “ಇವಳ ಕೈಲಿ ಇನ್ನು ಬುಟ್ಟಿ ಹೊರೋಕಾಗಲ್ಲ” ಎಂದು ಮೊದಲು ಹೇಳಿದವಳು ಅವಳ ಅತ್ತೆ. ದ್ವೇಷದಿಂದ ಹೇಳಿದ್ದಲ್ಲ. ಸೊಸೆಯ ಗರ್ಭಕೋಶಕ್ಕೆ ಕ್ಯಾನ್ಸರ್ ಬಂದಿತ್ತು. ಆಸ್ಪತ್ರೆಯವರು ಅದನ್ನು ತೆಗೆದು, ಚಿಕಿತ್ಸೆ ಮುಗಿಸಿ ಕಳಿಸಿದ್ದರು. “ದಿನಾ ನಡೆಯಮ್ಮ, ಸೊಪ್ಪು ತರಕಾರಿ ತಿನ್ನು, ಮೈ ಬೆಳೆಸಬೇಡ. ನಿಧಾನಕ್ಕೆ ಹಳೆಯ ಕೆಲಸಕ್ಕೂ ಹೋಗು” ಎಂದು ಡಾಕ್ಟರು ಹೇಳಿದ್ದು ಅತ್ತೆಯ ಎದುರಿಗೇ. ಆದರೆ ಹೊಟ್ಟೆ ಕೊಯ್ಸಿಕೊಂಡು ಬಂದ ಹೆಣ್ಣಿಗೆ ಆ ಮುದುಕಿ ಬಲ್ಲ ಆರೈಕೆ ಒಂದೇ, ಬಾಣಂತನ. ತಲೆಗೆ ಬಟ್ಟೆ ಕಟ್ಟಿದಳು. ಕತ್ತಲೆ ಕೋಣೆಯಲ್ಲಿ ಮಲಗಿಸಿದಳು. ತುಪ್ಪ ಸುರಿದ ಅನ್ನ, ಅಂಟಿನುಂಡೆ ಕೊಟ್ಟಳು. ಸೊಪ್ಪು ತಂಪೆಂದು ದೂರವಿಟ್ಟಳು. ಬುಟ್ಟಿಯನ್ನು ಅಟ್ಟಕ್ಕೆ ಹಾಕಿದಳು.

ಸೊಸೆಯ ಮೈ ಊದಿತು, ಕಾಲು ಸೋತಿತು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು. ಒಂದು ಬೆಳಿಗ್ಗೆ ಅವಳ ಬೀದಿಯಲ್ಲೇ ಬೇರೆ ಯಾರೋ “ಸೊಪ್ಪೋ ಸೊಪ್ಪು” ಎಂದು ಕೂಗಿಕೊಂಡು ಹೋದರು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ತಲೆಯ ಬಟ್ಟೆ ಬಿಚ್ಚಿ ಎಸೆದಳು. ಕೋಲಿನಿಂದ ಬುಟ್ಟಿ ಕೆಡವಿಕೊಂಡಳು. ಹಿತ್ತಿಲಲ್ಲಿ ಬೆಳೆದಿದ್ದ ದಂಟು, ಮೆಂತ್ಯವನ್ನು ಕೂತು ಕೂತು ಕಿತ್ತು ತುಂಬಿದಳು. ತುಂಬಿದ ಬುಟ್ಟಿ ತಲೆಗೇರಲು ಇನ್ನೊಬ್ಬರ ಕೈ ಬೇಕು. ಹೊರೆ ಹೊರುವವರಿಗೆಲ್ಲ ಅದು ಗೊತ್ತು.

ಅತ್ತೆ ಬಾಗಿಲಲ್ಲಿ ನಿಂತಿದ್ದಳು. “ಹೋಗೇ, ಹೋಗು. ಬೀದೀಲಿ ಬಿದ್ದರೆ ಎತ್ತೋಕೆ ನಾನು ಬರೋಳಲ್ಲ.”

“ಬಿದ್ದಾಗ ಬರಬೇಡಿ ಅತ್ತೆ, ಈಗ ಬನ್ನಿ. ಬಾಣಂತಿ ಕೂತ್ರೆ ಮಡಿಲಲ್ಲಿ ಮಗು ಆಡುತ್ತೆ. ನಾನು ಕೂತು ಏನನ್ನ ಆಡಿಸಲಿ?”

ಅತ್ತೆ ಬಾಗಿಲು ಬಿಟ್ಟು ಬಂದಳು. ಅರ್ಧಕ್ಕರ್ಧ ಸೊಪ್ಪು ತೆಗೆದು ಪಕ್ಕಕ್ಕಿಟ್ಟಳು. “ಇವತ್ತಿಗೆ ಇಷ್ಟು ಸಾಕು” ಎಂದು ಗೊಣಗುತ್ತಲೇ ಬುಟ್ಟಿಯನ್ನು ಎತ್ತಿ ಸೊಸೆಯ ತಲೆಯ ಮೇಲಿಟ್ಟಳು. ಉಳಿದ ಸೊಪ್ಪಿನ ಸಾರು ಮಾಡಿ ಮನೆಮಂದಿಗೆಲ್ಲ ಬಡಿಸಿದಳು.

ಮೊದಲ ದಿನ ಸೊಸೆ ಬೀದಿಯ ತುದಿ ಮುಟ್ಟಿದಳು. ಆಮೇಲೆ ಪಕ್ಕದ ಬೀದಿ. ಸುಸ್ತಾದರೆ ಯಾರದೋ ಜಗುಲಿಯ ಮೇಲೆ ಕೂತು ಎದ್ದು ಬಂದಳು. ಅವಳ ಕಾಲು ಗಟ್ಟಿಯಾದಂತೆ ಅತ್ತೆ ಬುಟ್ಟಿಗೆ ಒಂದೊಂದೇ ಕಟ್ಟು ಹೆಚ್ಚಿಸಿದಳು. ಮರುವರ್ಷದ ಹೊತ್ತಿಗೆ ಹಳೆಯ ಬೀದಿಗಳೆಲ್ಲ ಅವಳ ಕೂಗಿಗೆ ಬಾಗಿಲು ತೆರೆದವು.

ಈಗ ಆ ಬೀದಿಗಳು ಅವಳವು. ಉಸಿರೂ ನಿದ್ದೆಯೂ ಅವಳವು. ಅದಕ್ಕೆ ಬೆಲೆ ತೆತ್ತವಳು ಅತ್ತೆ. ಕಾಯಿಲೆಯ ಸೊಸೆಯನ್ನು ದುಡಿಯಲು ತಳ್ಳಿದ ಮುದುಕಿ ಎಂದು ಕೇರಿಯೆಲ್ಲ ಆಡಿಕೊಂಡಿತು. ಅವಳು ಅದನ್ನು ಕೇಳಿಸಿಕೊಂಡಳು, ಮರುದಿನವೂ ಬುಟ್ಟಿ ಎತ್ತಿಕೊಟ್ಟಳು.

ಕತೆ ನಿಲ್ಲಿಸಿ ಗುರು ಕೇಳಿದರು: “ನಿಮ್ಮಕ್ಕನ ಚಪ್ಪಲಿ ಎಲ್ಲಿಟ್ಟಿದ್ದೀರಿ?”

“ಅಟ್ಟದ ಮೇಲೆ” ಎಂದ ಶಿಷ್ಯ, ಅದನ್ನು ಇಳಿಸಿಕೊಡಲು ಮನೆಗೆ ಹೊರಟ.