ಸೋತಷ್ಟೂ ಗುಡುಗಿದ ಡೋಲು

ಕಥೆ ಹೇಳಿ ಅಭ್ಯಾಸವಿಲ್ಲ, ಸರಿಯಾಗಿ ಬರದಿದ್ದರೆ ಮನ್ನಿಸಬೇಕು.

ಹಾಕಿ ಮೈದಾನದ ಗ್ಯಾಲರಿಯಲ್ಲಿ ಒಂದು ಡೋಲಿತ್ತು. ಅದು ಅಭಿಮಾನಿಗಳ ಡೋಲು, ಆಟಗಾರರದ್ದಲ್ಲ, ಇದು ಮುಖ್ಯ. ತಂಡ ಹಿಂದೆ ಬಿದ್ದಾಗಲೇ ಜೋರಾಗಿ ಗುಡುಗಬೇಕೆಂಬುದು ಆ ಗ್ಯಾಲರಿಯ ಪದ್ಧತಿ. ಸತತ ಒಂಬತ್ತು ಸೋಲುಗಳಲ್ಲಿ ಗುಡುಗಿ ಗುಡುಗಿ ಅದರ ಚರ್ಮ ಬಿರುಕು ಬಿಟ್ಟಿತ್ತು. ಇನ್ನೊಮ್ಮೆ ಗುಡುಗಿದರೆ ತಾನು ಹರಿಯುವುದು ಖಂಡಿತವೆಂದು ಅದಕ್ಕೆ ತಿಳಿದಿತ್ತು.

ಹತ್ತನೆಯ ಪಂದ್ಯಕ್ಕೆ ಮುಂಚೆ ಅದು ನಾಯಕನ ಹಾಕಿ ಕೋಲನ್ನು ಕೇಳಿತು: "ಏನಯ್ಯಾ, ನಿಮಗೆ ಸ್ವಲ್ಪವೂ ನಾಚಿಕೆಯಿಲ್ಲವೇ?"

"ನಾಚಿಕೆ ಯಾಕೆ, ಡೋಲಪ್ಪ? ಹಿಂದೊಮ್ಮೆ ನಾವು ಗೆದ್ದ ದಿನ ನೀನು ನಾಲ್ಕು ಏಟು ಬಾರಿಸಿ ಮನೆಗೆ ಹೋದೆ. ಸೋತಾಗಲೆಲ್ಲ ಕೊನೆಯ ಸೀಟಿಯವರೆಗೂ ನಮ್ಮನ್ನು ಮೆರೆಸಿದೆ. ಆ ಸದ್ದು ಕೇಳಿ ತಂಡದ ಮಾಲೀಕರೂ ಎಲ್ಲ ಚೆನ್ನಾಗಿದೆಯೆಂದುಕೊಂಡಿದ್ದಾರೆ."

ಇಂದು ಸುಮ್ಮನಿರುತ್ತೇನೆಂದು ಡೋಲು ಶಪಥ ಮಾಡಿತು. ಎದುರಾಳಿಗಳು ಮೊದಲ ಗೋಲು ಹೊಡೆದರು, ಸುಮ್ಮನಿತ್ತು. ಎರಡನೆಯದಕ್ಕೆ ಉಸಿರು ಬಿಗಿಹಿಡಿಯಿತು. ಮೂರನೆಯದಕ್ಕೆ ತನ್ನ ತಂಡ ತಲೆ ತಗ್ಗಿಸಿ ನಿಂತದ್ದನ್ನು ಕಂಡು ತಡೆಯಲಾರದೆ ಗುಡುಗಿತು, ನಡುವೆ ಸೀಳಿಹೋಯಿತು.

"ಹೊಸ ಡೋಲು ತರಿಸಿ," ಎಂದಿತು ಕೋಲು.

ಇಲ್ಲಿ ಡೋಲೆಂದರೆ ಅಭಿಮಾನಿ, ಅಂದರೆ ನನ್ನಂಥವನು. ಎಲ್ಲ ತಿಳಿದೂ ಅದೇಕೆ ಗುಡುಗಿತೆಂದರೆ… ಪಕ್ಕದ ಮನೆಯ ಮೇದಪ್ಪಣ್ಣ ಕೂಗುತ್ತಿದ್ದಾರೆ, ನಮ್ಮವರ ಪಂದ್ಯ ಶುರುವಾಯಿತಂತೆ.