ಮರಳಿಗೆ ಜಾಗವಿಲ್ಲ

ಶಿಷ್ಯ ಕೇಳಿದ: "ತಾಯಿ, ಬೆಳಿಗ್ಗೆ ನನಗೆ ಹೊಳೆದದ್ದನ್ನು ಸಂಜೆಯ ಪ್ರವಚನದಲ್ಲಿ ಹೇಳಿಬಿಡುತ್ತೇನೆ. ಏನನ್ನೂ ಬಚ್ಚಿಟ್ಟುಕೊಂಡಿಲ್ಲ. ಆದರೂ ಈಚೆಗೆ ಜನರ ಮುಂದೆ ಕೂತರೆ ಒಳಗೆ ನಡುಗುತ್ತದೆ. ಏಕೆ?"

ಗುರು ಬಹಳ ಊರು ತಿರುಗಿ ಮುದುಕಿಯಾದವರು. ಅವರು ಈ ಕತೆ ಹೇಳಿದರು.

ಒಬ್ಬ ಬಡಗಿಯಿದ್ದ. ಅವನ ಅಂಗಡಿ ಹತ್ತಡಿ ಉದ್ದ, ಎಂಟಡಿ ಅಗಲ. ಅದರೊಳಗೆ ಮರ ಕೆತ್ತುವ ಸಿಎನ್‌ಸಿ ಮೆಷಿನ್ ತಂದ. ಕಂಪ್ಯೂಟರ್ ಹೇಳಿದಂತೆ ಅದರ ತಲೆ ಸರ್ರನೆ ಓಡುತ್ತದೆ, ತಟ್ಟನೆ ತಿರುಗುತ್ತದೆ. ತಿರುಗಿದಾಗಲೆಲ್ಲ ಕೆಳಗಿನ ಮೇಜನ್ನು ಒದೆಯುತ್ತದೆ. ಮೇಜನ್ನು ಗೋಡೆಗೆ ಬಿಗಿಯೋಣವೆಂದರೆ ಗೋಡೆ ತಗಡಿನದು. ಬಡಗಿ ದಪ್ಪ ಕಾಲು, ಅಡ್ಡಪಟ್ಟಿ ಕೊಟ್ಟು ಮೇಜು ಮಾಡಿದ. ಕೆಳಗೆ ಉದ್ದಕ್ಕೂ ಒಂದು ಖಾನೆ ಬಿಟ್ಟು, ತನ್ನಲ್ಲಿದ್ದ ತೇಗದ ಹಲಗೆಗಳನ್ನೆಲ್ಲ ಅದರೊಳಗೆ ಒಟ್ಟಿದ. ಜಾಗ ಉಳಿಯಿತು. ಆ ಭಾರಕ್ಕೆ ಮೇಜೂ ಕದಲಲಿಲ್ಲ.

ಪಕ್ಕದ ಅಂಗಡಿಯ ಕಮ್ಮಾರ ಬಗ್ಗಿ ನೋಡಿದ. "ಮೇಜು ಚೆನ್ನಾಗಿದೆ ಕಣಯ್ಯ. ಅರ್ಧ ಖಾನೆಗೆ ಮರಳು ಚೀಲ ಹಾಕು. ಹಲಗೆ ಖರ್ಚಾಗುತ್ತೆ, ಮರಳು ಖರ್ಚಾಗಲ್ಲ."

"ಇಲ್ಲಿ ನಾನೇ ಅಡ್ಡಡ್ಡ ನಡೀತೀನಿ, ಮರಳಿಗೆ ಜಾಗ ಕೊಡಲಾ? ನಿನ್ನ ಅಂಗಡೀಲೇ ಇಟ್ಕೋ ಮಾರಾಯ."

ಕೆಲಸಗಳು ಬಂದವು. ಒಂದೊಂದಕ್ಕೂ ಬಡಗಿ ಕೆಳಗಿನಿಂದ ಹಲಗೆ ಎಳೆದು, ಮೇಲಿಟ್ಟು ಕೆತ್ತಿದ. ಹೆಸರಾಯಿತು. ಹೆಸರಾದವರು ಕೆಳಗೆ ಬಗ್ಗಿ ನೋಡುವುದು ಕಡಿಮೆ.

ಮನೆ ಕಟ್ಟಿಸಿದ ಹೆಂಗಸೊಬ್ಬಳು ತಲೆಬಾಗಿಲು ಮಾಡಲು ಹೇಳಿದ್ದಳು. ಬಾಗಿಲು ಕೂರಿಸಲು ಹನ್ನೊಂದು ಗಂಟೆಗೆ ಮುಹೂರ್ತ. ಬಡಗಿ ಕೊನೆಯ ಮೂರು ಹಲಗೆ ಜೋಡಿಸಿದ್ದ. ಬಳ್ಳಿಯ ಕೆತ್ತನೆಯಷ್ಟೇ ಬಾಕಿ. ಅಂಥ ಮರ ಅವನಲ್ಲಿ ಇನ್ನಿರಲಿಲ್ಲ. ಎಂಟು ಗಂಟೆಗೇ ಆಕೆ ಬಂದು ನಿಂತಳು.

"ಏನಪ್ಪಾ, ಬಾಗಿಲು ಬರುತ್ತೋ, ಬರೀ ಚೌಕಟ್ಟಿಗೆ ಆರತಿ ಎತ್ತಲೋ?"

"ಬರುತ್ತೆ ಅಕ್ಕಾ. ಮೆಷಿನ್ ಏನು ನಾನಾ, ಮಧ್ಯೆ ಎದ್ದು ಬೀಡಿಗೆ ಹೋಗೋಕೆ?"

ಮೆಷಿನ್ ಓಡಿತು. ಮೇಜು ನಡುಗಿತು. ಬಡಗಿ ಮೇಜಿನ ಕಾಲಿನಡಿ ರಟ್ಟು ತುರುಕಿದ. ನಡುಕ ನಿಲ್ಲಲಿಲ್ಲ. ನಿಧಾನ ಮಾಡಿದರೆ ಮುಹೂರ್ತ ತಪ್ಪುತ್ತದೆ. ಅವನಿಗೆ ಒಂದೇ ದಾರಿ ಕಂಡಿತು. ಖಾಲಿ ಖಾನೆಯೊಳಗೆ ತೂರಿ, ಹಲಗೆಗಳಿದ್ದ ಜಾಗದಲ್ಲಿ ತಾನೇ ಮಲಗಿದ.

ಮೇಜು ನಿಂತಿತು. ಆಕೆ ನಕ್ಕುಬಿಟ್ಟಳು.

ಆದರೆ ಅಷ್ಟು ಹೊತ್ತಿನ ನಡುಕಕ್ಕೆ ಬಾಗಿಲನ್ನು ಹಿಡಿದಿದ್ದ ಒಂದು ಕ್ಲಾಂಪ್ ಸಡಿಲವಾಗಿತ್ತು. ಕೆಳಗೆ ಮಲಗಿದವನಿಗೆ ಅದು ಹೇಗೆ ಕಾಣಬೇಕು? ಬಾಗಿಲು ಬೆರಳಗಲ ಸರಿಯಿತು. ಮೆಷಿನ್ ತನಗೆ ಹೇಳಿದ ಗೆರೆಯಲ್ಲೇ ಹೋಯಿತು.

"ಅಯ್ಯೋ, ಎಲೆ ಬಿಟ್ಟು ಎಲ್ಲೋ ಹೋಗ್ತಿದೆ! ಯಾವುದನ್ನ ಒತ್ತಲಿ?" ಎಂದು ಆಕೆ ಕಿರುಚಿದಳು.

ಅವನು ಕೆಳಗಿನಿಂದ ಕೂಗಿದ. ಮೆಷಿನ್ನಿನ ಸದ್ದಿನಲ್ಲಿ ಆಕೆಗೆ ಕೇಳಿಸಲಿಲ್ಲ. ಹೊರಗೆ ಬರೋಣವೆಂದು ತೆವಳಿದ. ಭಾರ ಸರಿದದ್ದೇ ಮೇಜು ಮತ್ತೆ ಕುಣಿಯಿತು. ಅವನು ಎದ್ದು ನಿಲ್ಲಿಸುವ ಹೊತ್ತಿಗೆ ಮೆಷಿನ್ನಿನ ಉಳಿ ಬಾಗಿಲಿನ ಉದ್ದಕ್ಕೂ ಹರಿದುಹೋಗಿತ್ತು.

ಹನ್ನೊಂದು ಗಂಟೆಗೆ ಆಕೆ ಚೌಕಟ್ಟಿಗೆ ಒಂದು ಸೀರೆ ಕಟ್ಟಿ ಪೂಜೆ ಮಾಡಿಸಿದಳು.

ಗುರು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು. "ತಿಳಿಯಿತು ತಾಯಿ, ಚೆನ್ನಾಗಿ ತಿಳಿಯಿತು" ಎಂದು ನಮಸ್ಕರಿಸಿ, ಆತುರದಿಂದ ಎದ್ದ.

ಗುರು ಕೇಳಿದರು: "ಈ ಕತೆ ಇವತ್ತು ಸಂಜೆಯ ಪ್ರವಚನಕ್ಕೋ, ನಾಳೆಯದಕ್ಕೋ?"

ಎದ್ದಿದ್ದ ಶಿಷ್ಯ ಮತ್ತೆ ಕೂತ.